ನೆರೆನೀರಿನಲ್ಲಿ ನೆನೆದ ಕಾರಿನ ಚರ್ಮದ ಆಸನಗಳ ಸಂರಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ಹಾಸನ ಜಿಲ್ಲೆಯ ಗೊರೂರಿನ ಬಳಿ ಹೇಮಾವತಿ ನದಿಗೆ ಅಡ್ಡಲಾಗಿ 1979ರಲ್ಲಿ ನಿರ್ಮಾಣಗೊಂಡ ಜಲಾಶಯದ ಗರಿಷ್ಠ ಮಟ್ಟವು 2,922 ಅಡಿಗಳು. ಮುಂಗಾರಿನಲ್ಲಿ ಜಲಾಶಯವು ಭರ್ತಿಯಾದಾಗ ಒಳಹರಿವಿಗೆ ಅನುಗುಣವಾಗಿ ನದಿಗೆ ನೀರನ್ನು ಬಿಡಲಾಗುತ್ತದೆ. ಅಂತಹ ಸಂದರ್ಭದಲ್ಲಿ ನದಿಪಾತ್ರದ ತಗ್ಗು ಪ್ರದೇಶಗಳಲ್ಲಿ ನಿಲ್ಲಿಸಿದ ವಾಹನಗಳೊಳಗೆ ನೀರು ನುಗ್ಗುವ ಸಂಭವವಿರುತ್ತದೆ. ಬಾಡಿಗೆ ಕಾರನ್ನೇ ಜೀವನೋಪಾಯವಾಗಿ ನಂಬಿರುವ ಕುಟುಂಬಗಳಿಗೆ ಇದು ದೊಡ್ಡ ನಷ್ಟ. ಸರಿಯಾದ ಕ್ರಮವನ್ನು ಅನುಸರಿಸಿದಲ್ಲಿ ಆಸನಗಳನ್ನೂ ವಿಮಾ ಪರಿಹಾರದ ಹಕ್ಕನ್ನೂ ಉಳಿಸಿಕೊಳ್ಳಬಹುದಾಗಿದೆ.

ಮೊದಲು ಮಾಡಬೇಕಾದುದು

ನೀರು ಹೊಕ್ಕ ವಾಹನದ ಎಂಜಿನ್ನನ್ನು ಚಾಲನೆ ಮಾಡಬಾರದು. ಆಸನಗಳ ಕೆಳಗೆ ವಿದ್ಯುತ್ ತಂತಿಗಳಿರುವುದರಿಂದ, ಬ್ಯಾಟರಿಯ ಸಂಪರ್ಕವನ್ನು ಮೆಕ್ಯಾನಿಕ್ ಮೂಲಕ ತೆಗೆಸತಕ್ಕದ್ದು. ನೀರು ನಿಂತ ಮಟ್ಟ, ಕೆಸರು ಹಾಗೂ ಆಸನಗಳ ಸ್ಥಿತಿಯು ಕಾಣುವಂತೆ ಛಾಯಾಚಿತ್ರಗಳನ್ನು ತೆಗೆದು, ವಿಮಾ ಕಂಪನಿಗೆ ಕೂಡಲೇ ತಿಳಿಸಬೇಕು. ಪ್ರವಾಹದ ಹಾನಿಗೆ ಸಮಗ್ರ ವಿಮೆಯಲ್ಲಿ ಪರಿಹಾರವಿರುತ್ತದೆ. ಕೇವಲ ಮೂರನೇ ವ್ಯಕ್ತಿಯ ವಿಮೆಯಲ್ಲಿ ಇರುವುದಿಲ್ಲ.

ಒದ್ದೆ ಆಸನದಲ್ಲಿ ಒಂದೆರಡು ದಿನಗಳಲ್ಲಿಯೇ ಬೂಷ್ಟು ಹಿಡಿಯಬಹುದು. ಆದುದರಿಂದ ಛಾಯಾಚಿತ್ರಗಳನ್ನು ತೆಗೆದ ನಂತರ, ಕಂಪನಿಗೆ ತಿಳಿಸಿ, ಬಾಗಿಲುಗಳನ್ನು ತೆರೆದಿಟ್ಟು ನೀರನ್ನು ಒರೆಸಿ ತೆಗೆಯಬಹುದು. ಆದರೆ ಸರ್ವೇಯರ್ ಪರಿಶೀಲಿಸುವವರೆಗೆ ಯಾವುದೇ ಭಾಗವನ್ನು ಎಸೆಯಬಾರದು ಅಥವಾ ಬದಲಾಯಿಸಬಾರದು.

ಬಿಸಿಲು ಏಕೆ ಹಾನಿಕರ?

ಚರ್ಮವನ್ನು ಹದ ಮಾಡುವಾಗ ಅದರ ಎಳೆಗಳ ನಡುವೆ ಎಣ್ಣೆಯ ಅಂಶವನ್ನು ಸೇರಿಸಲಾಗಿರುತ್ತದೆ. ನೀರಿನಲ್ಲಿ ನೆನೆದಾಗ ಈ ಅಂಶವು ಕಡಿಮೆಯಾಗುತ್ತದೆ. ಅದೇ ಸ್ಥಿತಿಯಲ್ಲಿ ಬಿಸಿಲಿಗೆ ಅಥವಾ ಹೀಟರಿನ ಶಾಖಕ್ಕೆ ಒಡ್ಡಿದರೆ ಎಳೆಗಳು ಒಂದಕ್ಕೊಂದು ಅಂಟಿಕೊಂಡು, ಚರ್ಮವು ಕುಗ್ಗಿ ಬಿರುಸಾಗಿ ಬಿರುಕು ಬಿಡುತ್ತದೆ. ಈ ಹಾನಿಯನ್ನು ನಂತರ ಸರಿಪಡಿಸುವುದು ಕಷ್ಟ.

ಸ್ವಚ್ಛಗೊಳಿಸುವ ಕ್ರಮ

1. ಕೆಸರನ್ನು ಉಜ್ಜದೆ, ಒದ್ದೆ ಬಟ್ಟೆಯಿಂದ ಮೃದುವಾಗಿ ತೆಗೆಯಬೇಕು. ಮರಳಿನ ಕಣಗಳು ಚರ್ಮದ ಮೇಲ್ಪದರವನ್ನು ಗೀರುತ್ತವೆ.
2. ಚರ್ಮಕ್ಕೆಂದೇ ದೊರೆಯುವ ಸೌಮ್ಯ ಸಾಬೂನನ್ನು ಬಳಸಿ, ಒಣ ಹತ್ತಿಬಟ್ಟೆಯಿಂದ ಒತ್ತಿ ತೇವವನ್ನು ಹೀರಿಸಬೇಕು. ಬ್ಲೀಚಿಂಗ್ ಪುಡಿ, ಸೀಮೆಎಣ್ಣೆ ಹಾಗೂ ಪೆಟ್ರೋಲ್ ಬಳಸಬಾರದು.
3. ನೆರಳಿನಲ್ಲಿ ಫ್ಯಾನ್ ಗಾಳಿಗೆ ನಿಧಾನವಾಗಿ ಒಣಗಿಸಬೇಕು. ಮೇಲ್ಭಾಗ ಒಣಗಿದರೂ ಒಳಗಿನ ಫೋಮ್ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಸನಗಳನ್ನು ಕಳಚಬೇಕಾದಲ್ಲಿ, ಗಾಳಿಚೀಲದ ತಂತಿಗಳಿರುವ ಸಾಧ್ಯತೆಯಿಂದಾಗಿ ಪರಿಣತರಿಂದಲೇ ಕಳಚಿಸಬೇಕು.
4. ಸಂಪೂರ್ಣವಾಗಿ ಒಣಗಿದ ಮೇಲೆ ಚರ್ಮದ ಕಂಡೀಷನರನ್ನು ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ನಂತರ ತೆಳುವಾಗಿ ಲೇಪಿಸಬೇಕು.

ಅನೇಕ ಕಾರುಗಳ ಆಸನಗಳ ಹೊದಿಕೆಯು ಚರ್ಮವಲ್ಲ, ರೆಕ್ಸಿನ್. ಬಟ್ಟೆಯ ಅಸ್ತರು ಕಂಡುಬಂದರೆ ಅದು ರೆಕ್ಸಿನ್ ಆಗಿರುತ್ತದೆ. ಇದಕ್ಕೆ ಕಂಡೀಷನರ್ ಅನವಶ್ಯಕ. ಆದರೆ ಒಳಗಿನ ಫೋಮನ್ನು ಒಣಗಿಸುವುದು ಅಷ್ಟೇ ಅಗತ್ಯ.

ನೋಂದಣಿ ಪತ್ರ ಹಾಳಾಗಿದ್ದಲ್ಲಿ

ಕಾರಿನಲ್ಲಿಟ್ಟಿದ್ದ ನೋಂದಣಿ ಪ್ರಮಾಣಪತ್ರವು ನೀರಿನಲ್ಲಿ ಕಳೆದುಹೋಗಿದ್ದರೆ ಅಥವಾ ನಾಶವಾಗಿದ್ದರೆ, ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ, ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಮೂನೆ 26ರಲ್ಲಿ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ವಾಹನದ ಮೇಲೆ ಸಾಲವಿದ್ದಲ್ಲಿ, ಸಾಲ ನೀಡಿದ ಸಂಸ್ಥೆಯ ಸಹಿಯನ್ನು ಅರ್ಜಿಯಲ್ಲಿ ಪಡೆಯಬೇಕು. ವಿಮಾ ಪರಿಹಾರಕ್ಕೂ ಈ ಪ್ರಮಾಣಪತ್ರದ ಅಗತ್ಯವಿರುವುದರಿಂದ ವಿಳಂಬ ಮಾಡದಿರುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.