ಒಂದೇ ಉಪ್ಪಾಗೆ, ಮೂರು ಸೀಮೆಗೆ ಮೂರು ಪಾಲು!

ಹಣ್ಣು ಒಂದೇ. ಆದರೆ ಕೇರಳದವರ ಕಣ್ಣು ಅದರ ಸಿಪ್ಪೆಯ ಮೇಲೆ, ಕೊಡಗಿನವರದು ರಸದ ಮೇಲೆ. ಶಿರಸಿ, ಸಿದ್ದಾಪುರದ ಕಡೆಯವರೋ ಸಿಪ್ಪೆಯನ್ನು ಪೇಟೆಗೆ ಕಳಿಸಿ, ಬೀಜವನ್ನು ಮನೆಗೆ ಇಟ್ಟುಕೊಂಡವರು! ಒಂದೇ ಘಟ್ಟಸಾಲಿನ ಉದ್ದಕ್ಕೂ ಒಂದೇ ಮರ ಹೀಗೆ ಪಾಲಾಗಿ ಹೋದ ಕಥೆ ಕೇಳಿದರೆ ಯಾರಿಗಾದರೂ ಅಚ್ಚರಿಯಾಗಬೇಕು.

ಮರದ ಹೆಸರು ಉಪ್ಪಾಗೆ. ತುಳುನಾಡಿನಲ್ಲಿ ಮಂತುಪುಳಿ, ಮಲಯಾಳದಲ್ಲಿ ಕುಡಂಪುಳಿ, ಶ್ರೀಲಂಕಾದಲ್ಲಿ ಗೊರಕ. ನಮ್ಮ ಮುರುಗಲಿನ ದಾಯಾದಿ, ನಿತ್ಯಹರಿದ್ವರ್ಣ ಕಾಡಿನ ವಾಸಿ. ಮಳೆ ಧೋ ಎಂದು ಸುರಿಯುವಾಗಲೇ ಇದಕ್ಕೆ ಹಣ್ಣಾಗುವ ಹುಕಿ. ಕೈಗೆ ತೆಗೆದುಕೊಂಡು ನೋಡಿ: ಮೈತುಂಬ ಆಳವಾದ ಗೀರುಗಳು, ಥೇಟ್ ಮಕ್ಕಳಾಟದ ಹಳದಿ ಕುಂಬಳಕಾಯಿ! ಸೀಳಿದರೆ ಹೊರಗೆ ದಪ್ಪ ಸಿಪ್ಪೆ, ಒಳಗೆ ಬಿಳಿಯ ತಿರುಳು ಹೊದ್ದ ಬೀಜಗಳು. ಆ ತಿರುಳು ಹುಳಿಸಿಹಿ. ಮಂಗಗಳಿಗೆ ಅದೆಂದರೆ ಪ್ರಾಣ. ಸಿಪ್ಪೆಯ ಚೂರನ್ನು ನಾಲಿಗೆಗೆ ಇಟ್ಟಿರೋ, ಕಣ್ಣು ತಾನಾಗಿ ಮುಚ್ಚಿ ಹಲ್ಲು ಜುಮ್ಮೆನ್ನುತ್ತದೆ!

ಈ ಸಿಪ್ಪೆಯೇ ಕೇರಳದ ಮೀನುಸಾರಿನ ಜೀವ. ಹಣ್ಣಿನ ಕಾಲಕ್ಕೆ ಬಿಸಿಲೇ ಇರದ ಕಾರಣ ಬೆಂಕಿಯ ಮೇಲೆ ಹರಡಿ, ಹೊಗೆ ಕೊಟ್ಟು ಒಣಗಿಸುತ್ತಾರೆ. ಕಪ್ಪಗೆ ಮುರುಟಿದ ಎರಡು ಚೂರು ಬಿದ್ದರೆ ಇಡೀ ಮಡಕೆಗೆ ಹುಳಿಯೂ ಬಂತು, ಹೊಗೆಯ ಘಮವೂ ಬಂತು.

ಕೊಡಗಿಗೆ ಬನ್ನಿ. ಅಲ್ಲಿ ಮಾಗಿದ ಹಣ್ಣನ್ನು ಬುಟ್ಟಿಯಲ್ಲಿ ರಾಶಿ ಹಾಕುತ್ತಾರೆ. ಹಣ್ಣು ಕಳಿತು, ಕರಗಿ, ರಸ ತೊಟ್ಟುತೊಟ್ಟಾಗಿ ಕೆಳಗಿನ ಪಾತ್ರೆಗೆ ಇಳಿಯುತ್ತದೆ. ಅದನ್ನು ಕುದಿಸಿ, ಕುದಿಸಿ, ಬತ್ತಿಸಿದರೆ ಕಾಡಿಗೆಗಪ್ಪಿನ ಮಂದ ದ್ರವ: ಕಾಚಂಪುಳಿ! ಪಂದಿಕರಿಗೆ ಆ ಕಪ್ಪು, ಆ ಖಡಕ್ ಹುಳಿ ಬರುವುದು ಇದರಿಂದಲೇ. ಒಂದು ಚಮಚ ಹೆಚ್ಚಾದರೆ ಊಟ ಕೆಟ್ಟಿತು ಎಂದೇ ಲೆಕ್ಕ.

ಇನ್ನು ಉತ್ತರ ಕನ್ನಡದ ಕೈಚಳಕವೇ ಬೇರೆ. ಬೀಜ ಒಣಗಿಸಿ, ಸಿಪ್ಪೆ ಕಳೆದು, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಮೇಲೆ ಜಿಡ್ಡು ತೇಲುತ್ತದೆ. ಅದನ್ನು ಬಳಿದು ತೆಗೆದು ಆರಲು ಬಿಟ್ಟರೆ ಗಟ್ಟಿಯಾಗಿ ಕೂರುತ್ತದೆ, ಉಪ್ಪಾಗೆ ತುಪ್ಪ! ಹಸುವಿಲ್ಲ, ಹಾಲಿಲ್ಲ, ಆದರೂ ದೋಸೆಗೆ ತುಪ್ಪ! ಅಷ್ಟು ಹುಳಿಯ ಹಣ್ಣಿನ ಹೊಟ್ಟೆಯಲ್ಲಿ ಹುಳಿಯ ಸುಳಿವೇ ಇಲ್ಲದ ಜಿಡ್ಡು ಅಡಗಿದೆಯೆಂದು ಮೊದಲು ಕಂಡುಕೊಂಡ ಆ ಪುಣ್ಯಾತ್ಮರು ಯಾರೋ!

ಬೆರಗು ಇಲ್ಲಿಗೆ ಮುಗಿಯಲಿಲ್ಲ. ಈ ಹುಳಿಯ ಗುಟ್ಟು ಬಯಲಾದದ್ದು ಬೇರೆಲ್ಲೂ ಅಲ್ಲ, ನಮ್ಮ ಮೈಸೂರಿನಲ್ಲಿ. ಸಿಎಫ್‌ಟಿಆರ್‌ಐ ಸಂಸ್ಥೆಯ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಇದು ಹುಣಸೆಯ ಆಮ್ಲವಲ್ಲ, ನಿಂಬೆಯದೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಒಣಸಿಪ್ಪೆಯ ತೂಕದಲ್ಲಿ ಶೇ. 10ರಿಂದ 30ರವರೆಗೆ ಇದೇ ತುಂಬಿಕೊಂಡಿರುತ್ತದೆ. ದೇಹದಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ಇದು ತಡೆಯುತ್ತದೆಂದು ಗೊತ್ತಾದದ್ದೇ ತಡ, ಬೊಜ್ಜು ಕರಗಿಸುವ ಗುಳಿಗೆಯಾಗಿ ಉಪ್ಪಾಗೆ ಸಮುದ್ರ ದಾಟಿತು. 1990ರ ದಶಕದಲ್ಲಿ ಮಲೆನಾಡಿನಲ್ಲಿ ಸಿಪ್ಪೆಗೆ ಎಲ್ಲಿಲ್ಲದ ಬೆಲೆ ಬಂತು. ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆಸಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಮಾತ್ರ ಬರಿಯ ಹುಸಿಗುಳಿಗೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಇಂಥ ಗುಳಿಗೆ ನುಂಗಿದವರ ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಇತ್ತ ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಕಾಡಿನ ಸೌದೆ ರಾಶಿರಾಶಿ ಉರಿಯಿತು. ಅಡುಗೆಮನೆಗೆ ಒಗ್ಗಿದ್ದು ಔಷಧದಂಗಡಿಗೆ ಒಗ್ಗಲಿಲ್ಲ!

ಬೆಳೆಸುವ ಆಸೆಯಾಯಿತೇ? ತಾಳ್ಮೆಯಿರಲಿ. ಬೀಜ ಮೊಳೆಯಲು ತಿಂಗಳುಗಟ್ಟಲೆ ಸತಾಯಿಸುತ್ತದೆ; ಮೇಲಿನ ಸಿಪ್ಪೆ ಬಿಡಿಸಿ ಬಿತ್ತಿದರೆ ಬೇಗ ಏಳುತ್ತದೆ. ಸಸಿ ಫಲಕ್ಕೆ ಬರಲು ಹತ್ತು ಹನ್ನೆರಡು ವರ್ಷ. ಅಷ್ಟು ವರ್ಷ ಸಾಕಿದ ಮೇಲೆ ಗೊತ್ತಾಗುತ್ತದೆ, ಗಿಡಗಳಲ್ಲಿ ಸುಮಾರು ಅರ್ಧ ಗಂಡು, ಕಾಯಿಯೇ ಬಿಡುವುದಿಲ್ಲ! ಅದಕ್ಕೇ ಹೆಣ್ಣುಮರದ ಕುಡಿ ತಂದು ಕಸಿ ಕಟ್ಟುವುದು. ಕಸಿಗಿಡ ಮೂರ್ನಾಲ್ಕು ವರ್ಷಕ್ಕೇ ಕಾಯಿ ತೋರಿಸುತ್ತದೆ. ಇಲ್ಲೂ ಒಂದು ಚಮತ್ಕಾರವಿದೆ ನೋಡಿ. ನೆಟ್ಟಗೆ ಬೆಳೆದ ಚಿಗುರಿನಿಂದ ಕಸಿ ಮಾಡಿದರೆ ಮರ ನೆಟ್ಟಗೆ ಏರುತ್ತದೆ. ಪಕ್ಕದ ರೆಂಬೆಯ ಕುಡಿ ಕಟ್ಟಿದರೋ, ಆ ಗಿಡ ತಾನಿನ್ನೂ ರೆಂಬೆಯೇ ಎಂಬಂತೆ ಅಡ್ಡಡ್ಡ ಹರಡಿಕೊಂಡೇ ಬೆಳೆಯುತ್ತದೆ! ಕೈಗೆಟಕುವ ಎತ್ತರದಲ್ಲಿ ಹಣ್ಣು ಬೇಕೆನ್ನುವವರಿಗೆ ಅದೂ ಲಾಭವೇ.

ಜಾಗ ಹುಡುಕುವ ಚಿಂತೆಯಿಲ್ಲ. ಎಳವೆಯಲ್ಲಿ ನೆರಳನ್ನು ಸಹಿಸುವ ಗಿಡವಾದ್ದರಿಂದ ಅಡಿಕೆ ತೋಟದ ಅಂಚು ಸಾಕು. ಮಳೆ ಹಿಡಿದ ಕೂಡಲೇ ಒಂದೆರಡು ಕಸಿಗಿಡ ಊರಿ. ಫಲ ಬಂದ ವರ್ಷ ಮೂರೂ ಸೀಮೆಯವರ ವಿದ್ಯೆಯನ್ನು ಒಂದೇ ಅಂಗಳದಲ್ಲಿ ನಡೆಸಿ: ಕಳಿತ ಹಣ್ಣಿನ ರಸ ಸೀಸೆಗೆ, ಗಟ್ಟಿ ಸಿಪ್ಪೆ ಅಟ್ಟಕ್ಕೆ, ಬೀಜ ಒರಳಿಗೆ. ಬಿಸಾಡಲು ಏನು ಉಳಿಯಿತು ಹೇಳಿ!