ಗುಂಟೆ ಬಿಡದ ರೂಢಿ

ಬದಲಾಗಲು ಒಪ್ಪದವರನ್ನು ಹಳಿಯಲು ನಮ್ಮಲ್ಲಿ ಮಾತುಗಳಿಗೆ ಬರವಿಲ್ಲ. ಜಗಮೊಂಡ, ಹಟಮಾರಿ, ಜಿಗುಟು ಆಸಾಮಿ, ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು. ಹುಟ್ಟುಗುಣ ಸುಟ್ಟರೂ ಹೋಗದು ಎಂದುಬಿಟ್ಟರಂತೂ ತಿದ್ದುವ ಆಸೆಯನ್ನೇ ಬಿಟ್ಟಂತೆ. ಹಳೆಯ ಅಳತೆಗಳನ್ನು ಬಿಡದ ನಮ್ಮ ಜನಕ್ಕೂ ಈ ಬಿರುದುಗಳು ಸಲೀಸಾಗಿ ಸಿಗುತ್ತವೆ. ಅವರಿಗೆ ಸಲ್ಲಬೇಕಾದ ಮಾತು ರೂಢಿ.

1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಎಂಬ ಲೆಕ್ಕ ಹೋಗಿ ನೂರು ನಯಾಪೈಸೆ ಬಂತು. ಆದರೂ 25 ಪೈಸೆ ಜನರ ಬಾಯಲ್ಲಿ ನಾಲ್ಕಾಣೆಯಾಗಿಯೇ ಉಳಿಯಿತು, 2011ರ ಜೂನ್ ಕೊನೆಗೆ ಆ ನಾಣ್ಯದ ಚಲಾವಣೆ ನಿಲ್ಲುವವರೆಗೂ. 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಮೀಟರು, ಕಿಲೋ ಬಂದವು. ಅಂಗಡಿಯಲ್ಲಿ ಸೇರು ಹಿಂದೆ ಸರಿಯಿತು. ನೆಲ ಮಾತ್ರ ಜಗ್ಗಲಿಲ್ಲ.

ಪಹಣಿ ತೆಗೆದು ನೋಡಿ. ವಿಸ್ತೀರ್ಣ 2-20 ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಎಕರೆಗೆ 40 ಗುಂಟೆ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, 1,089 ಚದರಡಿ. ದಶಾಂಶ ಕಲಿತ ಮೊಮ್ಮಗ ಇದನ್ನು 2.20 ಎಂದು ಓದಿಕೊಂಡು ಕ್ಯಾಲ್ಕುಲೇಟರ್ ಒತ್ತಿದರೆ ಹನ್ನೆರಡು ಗುಂಟೆ ಮಾಯ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಈ ತಪ್ಪು ಮಾಡುವುದಿಲ್ಲ. ನಾಲ್ಕು ಮಕ್ಕಳಿಗೆ ಪಾಲು ಹಾಕಿ ಎಂದರೆ ತಲಾ ಇಪ್ಪತ್ತೈದು ಗುಂಟೆ ಎಂದು ಬಾಯಿಲೆಕ್ಕದಲ್ಲೇ ಹೇಳುತ್ತಾರೆ. ಇದನ್ನು ಮೊಂಡುತನ ಎನ್ನಲು ನನಗೆ ಬಾಯಿ ಬಾರದು. ಪಹಣಿಗಳು ಕೈಬರಹ ಬಿಟ್ಟು ‘ಭೂಮಿ’ ಯೋಜನೆಯಲ್ಲಿ ಕಂಪ್ಯೂಟರ್ ಸೇರಿದಾಗ ಗುಂಟೆಯೂ ಜೊತೆಗೇ ಹೋಯಿತು. ಸರ್ಕಾರದ ದಾಖಲೆಯೇ ಗುಂಟೆಯಲ್ಲಿರುವಾಗ, ಹೆಕ್ಟೇರಿನಲ್ಲಿ ಮಾತಾಡದ ರೈತನನ್ನು ಹಳೇ ಕಾಲದವನು ಎನ್ನುವುದು ಅನ್ಯಾಯ.

ಪೇಟೆಯವರೇನು ಕಡಿಮೆ? ಸೈಟು ಇಂದಿಗೂ ಅಡಿ ಲೆಕ್ಕದ ಮೂವತ್ತು-ನಲವತ್ತು. ಚಿನ್ನವನ್ನು ಗ್ರಾಂನಲ್ಲಿ ತೂಗಿದರೂ ಮನೆಮಾತು ಸವರನ್, ಎಂಟು ಗ್ರಾಂ.

ಹೂವಿನ ಮೊಳದ ಬಗ್ಗೆ ಮಾತ್ರ ನನ್ನ ತಕರಾರಿದೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ ಎನ್ನುತ್ತೇವೆ. ಆದರೆ ಹಬ್ಬದ ಹಿಂದಿನ ದಿನ ಮಾಲೆ ಹಿಡಿದ ಬೆರಳು ಮೊಣಕೈ ಮುಟ್ಟುವ ಮೊದಲೇ ನಿಂತುಬಿಡುತ್ತದೆ. ನಡುವೆ ಮಲ್ಲಿಗೆಗಿಂತ ದಾರವೇ ಹೆಚ್ಚು ಕಾಣುತ್ತದೆ. ಗುಂಟೆ ಯಾರ ಹೊಲದಲ್ಲೂ ಅಷ್ಟೇ, ಮೊಳ ಕೈಗೊಂದು. ಕೊಳ್ಳುವವರಿಗೆ ನಷ್ಟವಾಗುವ ಈ ರೂಢಿ ಹೋಗಲಿ, ಹೂವಿನ ಬುಟ್ಟಿಯ ಪಕ್ಕ ಅಳತೆಪಟ್ಟಿ ಬರಲಿ. ಅದರ ಜೊತೆಗೆ, ಬೆಳಗಿನ ಜಾವಕ್ಕೇ ಎದ್ದು ಹೂ ಕಟ್ಟುವ ಹೆಂಗಸರಿಗೆ ನಷ್ಟವಾಗದಂತೆ ಮಾಲೆಯ ಬೆಲೆಯೂ ಏರಲಿ.