ಯುರೋಪಿನಲ್ಲಿ ಫ್ಲಾಟ್ ಬಾಡಿಗೆಗೆ ಹಿಡಿದರೆ ಎಷ್ಟು ದಿನ ಬೇಕಾದರೂ ಇರಬಹುದೇ?

“ಯುರೋಪಿನ ಒಂದು ಊರಲ್ಲಿ ಫ್ಲಾಟ್ ಬಾಡಿಗೆಗೆ ಹಿಡಿಯಿರಿ, ಅಲ್ಲಿಂದಲೇ ಎಲ್ಲ ದೇಶ ಸುತ್ತಿ. ಬಾಡಿಗೆ ಕರಾರು ಕೈಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ಒಮ್ಮೆ ಗಡಿ ದಾಟಿ ಬಂದರೆ 90 ದಿನ ಮತ್ತೆ ಹೊಸದಾಗಿ ಶುರು!”

ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತವೆ. ಇದರಲ್ಲಿ ಅರ್ಧ ಒಳ್ಳೆಯ ಸಲಹೆ, ಇನ್ನರ್ಧ ಅಪಾಯಕಾರಿ ಸುಳ್ಳು. ಒಂದೊಂದಾಗಿ ನೋಡೋಣ.

ನಿಜ ಯಾವುದು?

ಒಂದೇ ಕಡೆ ಮನೆ ಮಾಡಿಕೊಂಡು ಸುತ್ತುವುದು ಸಾಧ್ಯ. ಉದಾಹರಣೆಗೆ ಆಸ್ಟ್ರಿಯಾದ ವಿಯೆನ್ನಾ. ಅಲ್ಲಿಂದ ಸ್ಲೊವಾಕಿಯಾದ ಬ್ರಾಟಿಸ್ಲಾವಾಗೆ ರೈಲಿನಲ್ಲಿ ಸುಮಾರು 1 ಗಂಟೆ, ಹಂಗೇರಿಯ ಬುಡಾಪೆಸ್ಟ್‌ಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ದಿನಾ ಸೂಟ್‌ಕೇಸ್ ಕಟ್ಟುವ ಗೋಜಿಲ್ಲ, ಅಡುಗೆಮನೆ ಇರುವುದರಿಂದ ಅನ್ನ ಸಾರಿಗೂ ತೊಂದರೆಯಿಲ್ಲ. ಆದರೆ ಪ್ರಾಗ್‌ಗೆ 4 ಗಂಟೆ. ಅದೇ ದಿನ ವಾಪಸ್ ಬರಲು ಹೊರಟರೆ 8 ಗಂಟೆ ರೈಲಿನಲ್ಲೇ ಕಳೆಯುತ್ತದೆ.

ಷೆಂಗೆನ್ ವಲಯದಲ್ಲಿ ಈಗ 29 ದೇಶಗಳಿವೆ. ಅಲ್ಪಾವಧಿಯ ಒಂದೇ ವೀಸಾದಲ್ಲಿ ಸಾಮಾನ್ಯವಾಗಿ ಇಷ್ಟೂ ಕಡೆ ಹೋಗಬಹುದು. ಆದರೂ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ, ದಾರಿಯಲ್ಲಿ ತಪಾಸಣೆ ನಡೆಯಬಹುದು.

ಸುಳ್ಳು ಯಾವುದು?

1. ಬಾಡಿಗೆ ಕರಾರಿನಿಂದ ಹೆಚ್ಚು ದಿನ ಇರುವ ಹಕ್ಕು ಬರುತ್ತದೆ: ಇಲ್ಲ. ಕರಾರು ನೀವು ಎಲ್ಲಿ ಉಳಿಯುತ್ತೀರಿ ಎನ್ನುವುದಕ್ಕೆ ಪುರಾವೆ, ಅಷ್ಟೇ. ಎಷ್ಟು ದಿನ ಇರಬಹುದು ಎಂಬುದನ್ನು ವೀಸಾ ಹೇಳುತ್ತದೆ. ವೀಸಾ ಸ್ಟಿಕ್ಕರ್ ಮೇಲೆ ಕೊನೆಯ ದಿನಾಂಕದ ಜೊತೆಗೆ ವಾಸದ ದಿನಗಳ ಸಂಖ್ಯೆಯೂ ಇರುತ್ತದೆ. ಅಲ್ಲಿ 20 ಎಂದಿದ್ದರೆ ಇರಬಹುದಾದದ್ದು 20 ದಿನ ಮಾತ್ರ, ಕೊನೆಯ ದಿನಾಂಕ ಇನ್ನೂ ದೂರವಿದ್ದರೂ ಸರಿ.

2. ಗಡಿ ದಾಟಿದರೆ ಲೆಕ್ಕ ಹೊಸದು: ಇಲ್ಲ. ನಿಯಮ ಇರುವುದು ಯಾವುದೇ 180 ದಿನಗಳಲ್ಲಿ ಗರಿಷ್ಠ 90 ದಿನ ಎಂದು. 29 ದೇಶಗಳ ವಾಸವನ್ನೂ ಒಟ್ಟಿಗೆ ಸೇರಿಸಿ ಎಣಿಸುತ್ತಾರೆ. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. 2026ರ ಜನವರಿ 1ರಿಂದ ಮಾರ್ಚ್ 31ರವರೆಗೆ ಇದ್ದರೆ 90 ದಿನ ಮುಗಿಯಿತು. ವೀಸಾ ಇದ್ದರೂ ಮತ್ತೆ ಕಾಲಿಡಬಹುದಾದದ್ದು ಜೂನ್ 30ಕ್ಕೆ. ಯುರೋಪಿಯನ್ ಒಕ್ಕೂಟದ ಜಾಲತಾಣದಲ್ಲೇ ಇದಕ್ಕೆ ಉಚಿತ ಕ್ಯಾಲ್ಕುಲೇಟರ್ ಇದೆ.

3. ಯಾರೂ ಕೇಳುವುದಿಲ್ಲ: 2025ರ ಅಕ್ಟೋಬರ್ 12ರಿಂದ ಪ್ರವೇಶ ಮತ್ತು ನಿರ್ಗಮನವನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆಯನ್ನು ಹಂತ ಹಂತವಾಗಿ ತರಲಾಗಿದೆ. ಮುದ್ರೆ ನೋಡಿ ಎಣಿಸುವ ಕಾಲ ಮುಗಿಯುತ್ತಿದೆ. ಹೆಚ್ಚು ದಿನ ಉಳಿದರೆ ದಂಡ, ಪ್ರವೇಶ ನಿಷೇಧ ಆಗಬಹುದು, ಮುಂದಿನ ವೀಸಾಕ್ಕೂ ಕುತ್ತು.

ಎಲ್ಲಕ್ಕಿಂತ ದೊಡ್ಡ ಬಲೆ

ಬ್ರಿಟನ್, ಐರ್ಲೆಂಡ್, ಸರ್ಬಿಯಾ ಷೆಂಗೆನ್‌ನಲ್ಲಿಲ್ಲ. ನಿಮ್ಮದು ಒಂದೇ ಪ್ರವೇಶದ ವೀಸಾ ಆಗಿದ್ದು, ಸಾಮಾನು ವಿಯೆನ್ನಾದ ಫ್ಲಾಟಿನಲ್ಲಿಟ್ಟು ಎರಡು ದಿನಕ್ಕೆ ಲಂಡನ್‌ಗೆ ಹೋದಿರೋ, ವಾಪಸ್ ಒಳಗೆ ಬಿಡುವುದಿಲ್ಲ. ಸಾಮಾನು ಅಲ್ಲೇ, ನೀವು ಇಲ್ಲೇ. ಜೊತೆಗೆ ಲಂಡನ್‌ಗೆ ಬ್ರಿಟನ್ನಿನ ವೀಸಾ ಬೇರೆಯೇ ಬೇಕು.

ಹಾಗಾದರೆ ಏನು ಮಾಡಬೇಕು?

• ಹೆಚ್ಚು ದಿನ ಇರುವ ದೇಶಕ್ಕೇ ವೀಸಾ ಅರ್ಜಿ ಹಾಕಿ. ಮನೆ ವಿಯೆನ್ನಾದಲ್ಲಿದ್ದು ರಾತ್ರಿಗಳೆಲ್ಲ ಅಲ್ಲೇ ಕಳೆಯುವುದಾದರೆ ಅರ್ಜಿ ಆಸ್ಟ್ರಿಯಾಗೆ.
• ಷೆಂಗೆನ್ ಹೊರಗೂ ಹೋಗಿ ಬರುವ ಯೋಚನೆಯಿದ್ದರೆ ಬಹುಪ್ರವೇಶದ ವೀಸಾ ಕೇಳಿ.
• ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.
• ಮನೆ ಪರವಾನಗಿಯದ್ದೇ ಎಂದು ವಿಚಾರಿಸಿ. ವಿಯೆನ್ನಾದಲ್ಲಿ 2024ರ ಜುಲೈನಿಂದ ಅನುಮತಿ ಇಲ್ಲದೆ ಒಂದು ಮನೆಯನ್ನು ವರ್ಷಕ್ಕೆ 90 ದಿನಕ್ಕಿಂತ ಹೆಚ್ಚು ಪ್ರವಾಸಿಗರಿಗೆ ಕೊಡುವಂತಿಲ್ಲ.
• “ಮುಂಗಡ ಕಳಿಸಿ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ” ಎಂದರೆ ದುಡ್ಡು ಹಾಕಬೇಡಿ.

ನಮ್ಮ ತೀರ್ಮಾನ: ಫ್ಲಾಟ್ ಹಿಡಿದು ಸುತ್ತುವುದು ಒಳ್ಳೆಯ ಉಪಾಯ, ಆದರೆ ಫ್ಲಾಟ್ ವೀಸಾ ಅಲ್ಲ. ಆ ಸಂದೇಶ ನಿಮಗೂ ಬಂದಿದ್ದರೆ, ಕಳಿಸಿದವರಿಗೆ ಇದನ್ನೂ ಒಮ್ಮೆ ಕಳಿಸಿ.